ಉಪ್ಪುನೀರಿನ ಸೂಜಿ

1999ರ ಮಾರ್ಚ್ 9, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವೋರ್ಡೆಗೆಮ್ ಊರಿನ ಪೊಲೀಸ್ ಠಾಣೆಗೆ ಬಂದ ಹೆಂಗಸೊಬ್ಬಳು ಕೌಂಟರಿನ ಮೇಲೆ ಖಾಲಿ ಬೆಣ್ಣೆ ಡಬ್ಬಿಯೊಂದನ್ನು ಇಟ್ಟಳು. ಮುಚ್ಚಳ ತೆಗೆದರೆ ಒಳಗೆ ಬಳಸಿ ಬಿಸಾಡಿದ ಒಂದು ಸಿರಿಂಜು.

"ಇದ್ರಲ್ಲಿ ಏನಿತ್ತು ಅಂತ ಪತ್ತೆ ಮಾಡಿಕೊಡಿ. ನಮ್ಮಮ್ಮ ಸಾಯ್ತಾ ಇದ್ದಾಳೆ" ಎಂದಳು.

ಕಾನ್‌ಸ್ಟೇಬಲ್ ನೋರ್ಬೆರ್ಟ್ ಡಬ್ಬಿಯನ್ನೂ ಅವಳನ್ನೂ ನೋಡಿ, ಒಳಗಿದ್ದ ಇನ್‌ಸ್ಪೆಕ್ಟರ್ ಅಚೀಲ್ ಡೆಲ್ಮೂಟ್‌ರನ್ನು ಕರೆದ. ಡೆಲ್ಮೂಟ್‌ಗೆ ಐವತ್ತನಾಲ್ಕು. ಹಿಂದಿನ ರಾತ್ರಿಯಿಂದ ಹಲ್ಲುನೋವು. ಕೆನ್ನೆಗೆ ಕೈಕೊಟ್ಟುಕೊಂಡೇ ಬಂದು ಕೂತರು.

"ಹೆಸರು?"

"ಮಾರ್ಲೀನ್ ಹೂಟಾಲ್ಸ್. ಕಾರ್ಪೆಟ್ ಮಿಲ್ಲಲ್ಲಿ ಕೆಲಸ."

"ತಾಯಿಗೆ ಏನು ಕಾಯಿಲೆ?"

"ಕಿಡ್ನಿ ಹೋಗಿದೆ ಸಾರ್. ಮೈಯಲ್ಲಿ ರಕ್ತ ತಯಾರಾಗಲ್ಲ. ಅದಕ್ಕೇ ಇಂಜೆಕ್ಷನ್ ಬರ್ಕೊಟ್ಟಿದಾರೆ. ಇಪಿಓ ಅಂತ. ವಾರಕ್ಕೆ ಎರಡು, ಸೋಮವಾರ, ಗುರುವಾರ. ನರ್ಸು ಮನೆಗೇ ಬಂದು ಕೊಟ್ಟು ಹೋಗ್ತಾಳೆ. ಒಂದೂವರೆ ವರ್ಷ ಚೆನ್ನಾಗೇ ಇದ್ಲು. ಹೋದ ಅಕ್ಟೋಬರಿಂದ ಇಳೀತಾ ಬಂತು. ಡಿಸೆಂಬರಲ್ಲಿ ಡಾಕ್ಟ್ರು ಮದ್ದು ಡಬಲ್ ಮಾಡಿದ್ರು. ಇನ್ನೂ ಇಳೀತು. ನಿನ್ನೆ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ಲು."

"ಈ ಸಿರಿಂಜು?"

"ಹೋದ ಗುರುವಾರ ನನಗೆ ರಜೆ ಇತ್ತು, ಅಮ್ಮನ ಮನೇಲಿದ್ದೆ. ನರ್ಸು ಹೋದ್ಮೇಲೆ, ಬಳಸಿದ ಸೂಜಿ ಹಾಕೋ ಹಳದಿ ಡಬ್ಬಿಯಿಂದ ಎತ್ಕೊಂಡೆ. ಫ್ರಿಜ್ಜಲ್ಲಿರೋ ಸಿರಿಂಜಿನ ಮೇಲೆಲ್ಲ ಅಕ್ಷರ ಅಚ್ಚಾಗಿದೆ. ಇದ್ರ ಮೇಲೆ ಏನೂ ಇಲ್ಲ. ನೋಡಿ, ಬೋಳು."

"ನರ್ಸಿನ ಹೆಸರು?"

ಮಾರ್ಲೀನ್ ಒಮ್ಮೆ ನೋರ್ಬೆರ್ಟ್ ಕಡೆ ನೋಡಿದಳು. "ಗೋಡೆಲೀವ್ ಮಿನ್ನಾರ್ಟ್."

ಬರೆಯುತ್ತಿದ್ದ ನೋರ್ಬೆರ್ಟನ ಪೆನ್ನು ನಿಂತಿತು.

"ಬರಿಯಪ್ಪ" ಎಂದರು ಡೆಲ್ಮೂಟ್.

"ಸಾರ್, ಅವ್ರು ನಮ್ಮ ಕರ್ಟ್‌ನ ಅಕ್ಕ."

"ಗೊತ್ತು. ಬರಿ."

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸಿರಿಂಜಿಗೆ ಸೀಲು ಬಿತ್ತು.

ಕರ್ಟ್ ಮಿನ್ನಾರ್ಟ್ ಯಾರೆಂದು ವೋರ್ಡೆಗೆಮ್‌ನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ವಯಸ್ಸು ಮೂವತ್ತೊಂದು, ಒಂಬತ್ತು ವರ್ಷದಿಂದ ವೃತ್ತಿಪರ ಸೈಕಲ್ ಸವಾರ. ಒಂದು ರೇಸನ್ನೂ ಗೆದ್ದವನಲ್ಲ. ತಂಡದ ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ಎದುರುಗಾಳಿಯಲ್ಲಿ ಅವನ ಮುಂದೆ ಗೋಡೆಯಂತೆ ಹೋಗುವುದು, ಅವನ ಚಕ್ರ ಒಡೆದರೆ ತನ್ನದನ್ನು ಬಿಚ್ಚಿಕೊಟ್ಟು ರಸ್ತೆಬದಿಯಲ್ಲಿ ನಿಲ್ಲುವುದು, ಇದು ಅವನ ಕೆಲಸ. ಆದರೂ ಅವನು ಊರಿನವನು. 'ಬಿಳಿ ಕುದುರೆ' ಎಂಬ ಬಿಯರ್ ಅಂಗಡಿಯಲ್ಲಿ ಅವನ ಅಭಿಮಾನಿ ಸಂಘವಿತ್ತು. ಕಾನ್‌ಸ್ಟೇಬಲ್ ನೋರ್ಬೆರ್ಟ್ ಅದರ ಕಾರ್ಯದರ್ಶಿ. ಏಪ್ರಿಲ್ ಮೊದಲ ಭಾನುವಾರದ ದೊಡ್ಡ ರೇಸಿಗೆ ಬಸ್ಸು ಗೊತ್ತು ಮಾಡಿದ್ದವನೂ ಅವನೇ.

ಜೀಪಿನಲ್ಲಿ ಕೂತ ಮೇಲೆ ಅವನು ಹೇಳಿದ: "ಸಾರ್, ನನ್ನನ್ನ ಈ ಕೇಸಿಂದ ಬಿಟ್ಬಿಡಿ."

"ಬೇರೆ ಯಾರಿದಾರೆ? ಇಬ್ಬರು ಜ್ವರ ಅಂತ ಮಲಗಿದಾರೆ, ಒಬ್ಬ ಹೆಂಡತಿ ಹೆರಿಗೆ ಅಂತ ಹೋಗಿದಾನೆ. ಗಾಡಿ ತೆಗಿ."

ಡೆಲ್ಮೂಟ್‌ಗೂ ಈ ಕೇಸು ಬೇಕಿರಲಿಲ್ಲ. ಮೂರು ವರ್ಷದ ಹಿಂದೆ ಸೈಕಲ್ ತಂಡವೊಂದು ಇಳಿದುಕೊಂಡಿದ್ದ ಹೋಟೆಲಿನಲ್ಲಿ ಅವರು ಎರಡು ಪೆಟ್ಟಿಗೆ ಮದ್ದು ಹಿಡಿದಿದ್ದರು. ಹದಿನಾಲ್ಕು ತಿಂಗಳ ತನಿಖೆ. ಶೋಧನೆಯ ಆದೇಶದಲ್ಲಿ ಕೋಣೆಯ ಸಂಖ್ಯೆ ತಪ್ಪಾಗಿದೆಯೆಂದು ನ್ಯಾಯಾಲಯ ಎಲ್ಲರನ್ನೂ ಬಿಟ್ಟಿತು. ಆ ವರ್ಷವಿಡೀ ಬ್ರೆಡ್ಡಿನಂಗಡಿಯವಳು ಅವರೊಂದಿಗೆ ಮಾತಾಡಿರಲಿಲ್ಲ.

ಇರ್ಮಾ ಹೂಟಾಲ್ಸ್‌ಗೆ ಎಪ್ಪತ್ನಾಲ್ಕು. ಮೂವತ್ತು ವರ್ಷ ನಾರುಬಟ್ಟೆ ಮಿಲ್ಲಿನಲ್ಲಿ ನೇಯ್ದವಳು. ತುಟಿ, ಉಗುರು, ಕಣ್ಣಿನ ಕೆಳರೆಪ್ಪೆ ಎಲ್ಲ ಮೇಣದ ಬಣ್ಣಕ್ಕೆ ತಿರುಗಿದ್ದವು. ಮಗಳು ಠಾಣೆಗೆ ಹೋಗಿದ್ದಳೆಂದು ಕೇಳಿ ಅವಳಿಗೆ ಸಿಟ್ಟು ಬಂತು.

"ಇವಳಿಗೇನು ಗೊತ್ತು? ಭಾನುವಾರಕ್ಕೊಮ್ಮೆ ಬಂದು ಟಿವಿ ನೋಡ್ಕೊಂಡು ಹೋಗ್ತಾಳೆ. ನನ್ನ ಕಾಲುಗುರು ಕತ್ತರಿಸೋದು ಯಾರು? ಗೋಡೆಲೀವ್. ಕಾಫಿ ಮಾಡ್ಕೊಟ್ಟು ಎದುರಿಗೆ ಕೂತು ಮಾತಾಡೋದು ಯಾರು? ಗೋಡೆಲೀವ್. ಅವಳ ತಮ್ಮ ರೇಸಲ್ಲಿ ಬಿದ್ದಾಗ ನಾವಿಬ್ರೂ ಕೈ ಹಿಡ್ಕೊಂಡು ಅತ್ತಿದೀವಿ."

"ಇಂಜೆಕ್ಷನ್ ಕೊಡೋವಾಗ ಸಿರಿಂಜು ನೋಡ್ತೀರಾ?"

"ಕಣ್ಣು ಕಾಣಲ್ಲಪ್ಪ ನನಗೆ. ನಂಬಿಕೆ ಕಾಣುತ್ತೆ."

"ಅಮ್ಮಾ" ಎಂದಳು ಮಾರ್ಲೀನ್.

"ನೀ ಸುಮ್ನಿರು."

ಫ್ರಿಜ್ಜಿನಲ್ಲಿ ಔಷಧಿ ಅಂಗಡಿಯ ಚೀಟಿಯಿದ್ದ ನಾಲ್ಕು ಸಿರಿಂಜುಗಳಿದ್ದವು. ಡೆಲ್ಮೂಟ್ ಅವುಗಳ ಮೇಲಿನ ಸಂಖ್ಯೆಗಳನ್ನು ಬರೆದುಕೊಂಡರು.

ಮಾರ್ಚ್ 15, ಸೋಮವಾರ ಮಧ್ಯಾಹ್ನ ಪ್ರಯೋಗಾಲಯದ ವರದಿ ಬಂತು. ಒಂದೇ ಸಾಲು. ಸಿರಿಂಜಿನಲ್ಲಿ ಉಳಿದದ್ದು ಉಪ್ಪುನೀರು, ಬೇರೇನೂ ಇಲ್ಲ.

ನರ್ಸು ಕೆಲಸ ಮಾಡುವ ಸಂಸ್ಥೆಯಿಂದ ರೋಗಿಗಳ ಪಟ್ಟಿ ತರಿಸಿದರು. ಗೋಡೆಲೀವ್ ಕೈಯಿಂದ ಇದೇ ಮದ್ದು ತೆಗೆದುಕೊಳ್ಳುತ್ತಿದ್ದವರು ಮೂವರು. ಒಬ್ಬಳು ಇರ್ಮಾ. ಇನ್ನೊಬ್ಬ ಪಕ್ಕದ ಹಳ್ಳಿಯ ನಿವೃತ್ತ ಮೇಷ್ಟ್ರು. ಮೂರನೆಯವರು ಒಮೆರ್ ಕೋಪ್ಮನ್, ಎಂಬತ್ತೊಂದು ವರ್ಷ, ದೋಣಿ ನಡೆಸುತ್ತಿದ್ದವರು. ಜನವರಿ 22ರಂದು ತೀರಿಕೊಂಡಿದ್ದರು.

ಮೂವರಿಗೂ ಒಬ್ಬರೇ ವೈದ್ಯರು. ಅವರು ಕನ್ನಡಕ ತೆಗೆದು ಒರೆಸಿ ಒರೆಸಿ ಮತ್ತೆ ಹಾಕಿಕೊಂಡರು.

"ಒಮೆರ್ ಯಾಕೆ ಸತ್ತರು?" ಕೇಳಿದರು ಡೆಲ್ಮೂಟ್.

"ಹೃದಯ ನಿಂತಿತು. ಎಂಬತ್ತೊಂದು ವಯಸ್ಸು, ಕಿಡ್ನಿ ಬೇರೆ ಇಲ್ಲ. ರಕ್ತ ತೀರಾ ಕಮ್ಮಿ ಇತ್ತು."

"ಮದ್ದು ಸಿಕ್ಕಿದ್ರೆ ಬದುಕ್ತಿದ್ರಾ?"

"ಹೇಳೋಕಾಗಲ್ಲ."

"ಕೋರ್ಟಲ್ಲಿ?"

"ಕೋರ್ಟಲ್ಲೂ ಅದನ್ನೇ ಹೇಳ್ಬೇಕಾಗುತ್ತೆ, ಇನ್‌ಸ್ಪೆಕ್ಟರೇ. ಮೂರೂ ಜನಕ್ಕೆ ಮದ್ದು ಹತ್ತುತ್ತಾ ಇಲ್ಲ ಅಂತ ನಾನೇ ಡೋಸ್ ಹೆಚ್ಚು ಮಾಡಿದೆ. ಕದಿಯೋಕೆ ಇನ್ನೂ ಹೆಚ್ಚು ಸಿಗೋ ಹಾಗೆ ಮಾಡಿದೆ, ಅಷ್ಟೇ ತಾನೇ?"



ಮರುದಿನ, 16ರ ಮಧ್ಯಾಹ್ನ ಒಂದು ಗಂಟೆಗೆ, ಅವರು ಗೆಂಟ್ ಪಟ್ಟಣದ ಪತ್ರಿಕಾ ಕಚೇರಿಗೆ ಹೋದರು. ಹ್ಯೂಗೋ ತಾಂಘೆ ಇಪ್ಪತ್ತೈದು ವರ್ಷದಿಂದ ಸೈಕಲ್ ರೇಸಿನ ವರದಿಗಾರ. ಮೇಜಿನ ಮೇಲೆ ಹಾಳೆ ಹರವಿಕೊಂಡು ಹ್ಯಾಮ್ ಇಟ್ಟ ಬ್ರೆಡ್ಡು ತಿನ್ನುತ್ತಿದ್ದ.

"ಕರ್ಟ್ ಮಿನ್ನಾರ್ಟ್ ಇಪಿಓ ತಗೋತಾನಾ?"

ಹ್ಯೂಗೋ ಅಗಿಯುವುದನ್ನು ನಿಲ್ಲಿಸಲಿಲ್ಲ. "ಯಾರು ತಗೊಳ್ಳಲ್ಲ ಅಂತ ಕೇಳಿ. ಪಟ್ಟಿ ಚಿಕ್ಕದಾಗುತ್ತೆ."

"ನೀವು ಯಾವತ್ತೂ ಬರೆದಿಲ್ಲ."

"ಬರೆದ್ರೆ ನಾಳೆಯಿಂದ ತಂಡದ ಬಸ್ಸಿನ ಬಾಗಿಲು ನನಗೆ ತೆಗೆಯಲ್ಲ. ಒಬ್ಬ ಸವಾರನೂ ಮುಖ ಕೊಟ್ಟು ಮಾತಾಡಲ್ಲ. ಆಮೇಲೆ ನಾನೇನು ಬರೀಲಿ, ಮಳೆ ಬಿಸಿಲಾ?"

"ಕಳೆದ ಜುಲೈಯಲ್ಲಿ ಫ್ರಾನ್ಸಿನ ರೇಸಲ್ಲಿ ಮದ್ದಿನ ಗಲಾಟೆ ಆದಾಗ ದಿನಕ್ಕೆ ಆರು ಪುಟ ತುಂಬಿಸಿದ್ರಿ."

"ಅದನ್ನ ಪೊಲೀಸರು ಹಿಡಿದಿದ್ರು ಸ್ವಾಮಿ. ನೀವು ಹಿಡಿದ ಮೇಲೆ ಅದು ಸುದ್ದಿ. ಅಲ್ಲಿವರೆಗೂ ಬರೀ ಹರಟೆ."

ಬ್ರೆಡ್ಡು ಮುಗಿಸಿ ಹ್ಯೂಗೋ ಕೈ ಒರೆಸಿಕೊಂಡ. ಆಮೇಲೆ ತಾನಾಗಿಯೇ ಹೇಳಿದ. ಕೆಂಪುಕಣ ಹೆಚ್ಚಿಸಿ ಸವಾರನ ದಣಿವು ತಡೆಯುವ ಈ ಮದ್ದನ್ನು ಕಂಡುಹಿಡಿಯುವ ಪರೀಕ್ಷೆ ಇನ್ನೂ ಬಂದಿಲ್ಲ. ರೇಸಿನ ಬೆಳಿಗ್ಗೆ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ನೂರಕ್ಕೆ ಐವತ್ತು ಪಾಲಿಗಿಂತ ಹೆಚ್ಚು ಕೆಂಪುಕಣವಿದ್ದರೆ ಅವನನ್ನು ಎರಡು ವಾರ ಮನೆಗೆ ಕಳಿಸುತ್ತಾರೆ. ಅಷ್ಟೇ.

"ಬೇರೆ ಹುಡುಗರದ್ದು ನೋಡಿ, ಒಂದ್ಸಲ ನಲವತ್ನಾಲ್ಕು, ಇನ್ನೊಂದ್ಸಲ ಐವತ್ಮೂರು. ಕರ್ಟ್‌ದು ಮೂರು ವರ್ಷದಿಂದ ನಲವತ್ತೆಂಟು, ನಲವತ್ತೊಂಬತ್ತು. ಏರೋದೂ ಇಲ್ಲ, ಇಳಿಯೋದೂ ಇಲ್ಲ. ಅದನ್ನ ಮಾಡ್ತಿರೋ ಕೈಗೆ ಆತುರ ಇಲ್ಲ, ಇನ್‌ಸ್ಪೆಕ್ಟರೇ."

"ಇದನ್ನ ಹೇಳಿಕೆಯಾಗಿ ಕೊಡ್ತೀರಾ?"

"ನಾನು ಏನೂ ಹೇಳ್ಲಿಲ್ಲವಲ್ಲ" ಎಂದ ಹ್ಯೂಗೋ.

ಬುಧವಾರ ಕರ್ಟ್‌ನ ಮನೆ ಶೋಧಿಸಲು ತನಿಖಾ ನ್ಯಾಯಾಧೀಶರ ಅನುಮತಿ ಸಿಕ್ಕಿತು. ಈ ಸಲ ಡೆಲ್ಮೂಟ್ ಆದೇಶದಲ್ಲಿದ್ದ ಮನೆ ಸಂಖ್ಯೆಯನ್ನು ಮೂರು ಬಾರಿ ಓದಿದರು. ಸಂಜೆ ಔಷಧಿ ಅಂಗಡಿಯವನನ್ನೂ ವೈದ್ಯರನ್ನೂ ಕರೆದುಕೊಂಡು ಇರ್ಮಾಳ ಮನೆಗೆ ಹೋದರು. ಫ್ರಿಜ್ಜಿನಲ್ಲಿ ಉಳಿದಿದ್ದ ಸಿರಿಂಜುಗಳ ಬುಡಕ್ಕೆ ಕೆಂಪು ಉಗುರುಬಣ್ಣದಿಂದ ಸಾಸಿವೆ ಗಾತ್ರದ ಚುಕ್ಕಿ ಇಟ್ಟರು. ಚುಕ್ಕಿಯ ಬಗ್ಗೆ ಮಹಜರು ಬರೆದು ಸಹಿ ಮಾಡಿಸಿದರು.

ಇರ್ಮಾಳಿಗೆ ಎಲ್ಲವನ್ನೂ ಹೇಳಲೇಬೇಕಾಯಿತು.

"ನಾಳೆ ಬೆಳಿಗ್ಗೆ ಅವಳು ಬಂದಾಗ ನಾನೇನು ಮಾಡ್ಬೇಕು?"

"ಏನೂ ಮಾಡ್ಬೇಡಿ ಅಮ್ಮ. ಎಂದಿನ ಹಾಗೆ ಇರಿ. ನಾನು, ಡಾಕ್ಟ್ರು ಮೇಲಿನ ಕೋಣೇಲಿ ಇರ್ತೀವಿ. ಅವಳು ಹೋದ ತಕ್ಷಣ ನಿಜವಾದ ಮದ್ದು ಡಾಕ್ಟ್ರೇ ಕೊಡ್ತಾರೆ."

"ಎಂದಿನ ಹಾಗೆ ಅಂದ್ರೆ ನಾನು ನಗ್ಬೇಕು. ಅವಳ ಹತ್ರ ನಾನು ನಗ್ತೀನಿ."

"ಆಗದಿದ್ರೆ ಬೇಡ."

ಇರ್ಮಾ ಮಗಳ ಕಡೆ ತಿರುಗಿದಳು. "ನನಗೆ ಆ ನೀಲಿ ಕಾರ್ಡಿಗನ್ ತೆಗೆದಿಡು. ಗುರುವಾರ ಅದನ್ನೇ ಹಾಕೋದು."

ಮಾರ್ಚ್ 18, ಗುರುವಾರ. ಬೆಳಿಗ್ಗೆ 8.14ಕ್ಕೆ ಮನೆ ಮುಂದೆ ಚಿಕ್ಕ ಬಿಳಿ ಕಾರು ನಿಂತಿತು. ಮೇಲಿನ ಕೋಣೆಯಲ್ಲಿ ಕೂತಿದ್ದ ಡೆಲ್ಮೂಟ್‌ಗೆ ಕೆಳಗಿನ ಮಾತೆಲ್ಲ ಕೇಳುತ್ತಿತ್ತು. ಕೆಟಲ್ಲು ಕುದಿಯಿತು. ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿತು.

"ಇವತ್ತು ಮುಖ ಯಾಕೆ ಹೀಗಿದೆ ಇರ್ಮಾಮ್ಮ? ನಿದ್ದೆ ಬರ್ಲಿಲ್ವಾ?"

"ವಯಸ್ಸಾಯ್ತಲ್ಲ. ಕರ್ಟ್ ಹೇಗಿದಾನೆ?"

"ಕೆಮ್ಮು. ಈ ಗಾಳೀಲಿ ಇನ್ನೂರು ಕಿಲೋಮೀಟರ್ ತುಳಿದ್ರೆ ಇನ್ನೇನಾಗುತ್ತೆ? ತೋಳು ಕೊಡಿ."

"ನೋಯುತ್ತಾ?"

"ನನ್ನ ಕೈಲಿ ಯಾವತ್ತಾದ್ರೂ ನೋವಾಗಿದೆಯಾ?"

ಇರ್ಮಾ ನಕ್ಕಳು. ಆ ನಗು ಮೇಲಿನವರೆಗೂ ಕೇಳಿಸಿತು. ವೈದ್ಯರು ಗೋಡೆಯ ಕಡೆ ಮುಖ ತಿರುಗಿಸಿದರು.

8.40ಕ್ಕೆ ಕಾರು ಹೊರಟಿತು. ಕೆಳಗಿಳಿದು ನೋಡಿದರೆ ಹಳದಿ ಡಬ್ಬಿಯಲ್ಲಿ ಬೋಳು ಸಿರಿಂಜು. ಫ್ರಿಜ್ಜಿನಿಂದ ಚುಕ್ಕಿಯಿದ್ದ ಒಂದು ಸಿರಿಂಜು ಮಾಯವಾಗಿತ್ತು. ಇರ್ಮಾ ಕುರ್ಚಿಯಿಂದ ಎದ್ದಿರಲಿಲ್ಲ.

"ಅವಳು ಅದನ್ನ ಅಂಗೈಲಿಟ್ಟು ಬೆಚ್ಚಗೆ ಮಾಡಿದ್ಲು. ತಣ್ಣಗಿದ್ರೆ ಉರಿಯುತ್ತೆ ಅಂತ. ಪ್ರತೀ ಸಲ ಹಾಗೇ ಮಾಡ್ತಾಳೆ" ಎಂದಳು. ಆಮೇಲೆ, "ಬರೀ ಉಪ್ಪುನೀರನ್ನ ಯಾಕಪ್ಪ ಬೆಚ್ಚಗೆ ಮಾಡ್ಬೇಕು?"

ಮಗಳು ಪಕ್ಕಕ್ಕೆ ಬಂದು ಕೂತಳು. ಈ ಸಲ ಇರ್ಮಾ ಅವಳನ್ನು ಗದರಿಸಲಿಲ್ಲ. ವೈದ್ಯರು ನಿಜವಾದ ಸೂಜಿ ಚುಚ್ಚಿದರು.

ನೋರ್ಬೆರ್ಟ್ ಸಾದಾ ಬಟ್ಟೆಯಲ್ಲಿ ಬಿಳಿ ಕಾರಿನ ಹಿಂದೆ ಹೋಗಿದ್ದ. 9.05ಕ್ಕೆ ಅವನ ಫೋನು ಬಂತು. ಗೋಡೆಲೀವ್ ತಮ್ಮನ ಮನೆಗೆ ಹೋಗಿ, ಆರು ನಿಮಿಷ ಇದ್ದು ಹೊರಬಂದು, ಮುಂದಿನ ರೋಗಿಯ ಕಡೆ ಹೊರಟಿದ್ದಳು.

9.30ಕ್ಕೆ ಡೆಲ್ಮೂಟ್ ಕರ್ಟ್‌ನ ಮನೆ ಬಾಗಿಲು ತಟ್ಟಿದರು. ಎದುರುಮನೆಯ ಮಾಂಸದಂಗಡಿಯವನನ್ನೂ ಒಬ್ಬ ನಿವೃತ್ತ ಅಂಚೆಯವನನ್ನೂ ಪಂಚರಾಗಿ ಕರೆದಿದ್ದರು. ಮಾಂಸದಂಗಡಿಯವನು ಒಳಗೆ ಬರುವಾಗ ತಲೆ ಎತ್ತಲಿಲ್ಲ. ಅವನ ಅಂಗಡಿಯಲ್ಲಿ ಕರ್ಟ್‌ನ ಫೋಟೋ ಇತ್ತು.

ಕರ್ಟ್ ಅಡುಗೆಮನೆಯಲ್ಲಿ ನಿಂತು ಬರೀ ಅನ್ನ ತಿನ್ನುತ್ತಿದ್ದ. ಉಪ್ಪಿಲ್ಲ, ಸಾರಿಲ್ಲ. ಕೆನ್ನೆಯ ಮೂಳೆ ಎದ್ದಿತ್ತು. ಆದೇಶವನ್ನು ಓದಿದ, ಮಡಚಿ ವಾಪಸು ಕೊಟ್ಟ.

ಪಂಚನಾಮೆಯಲ್ಲಿ ಹೀಗೆ ದಾಖಲಾಯಿತು: ಫ್ರಿಜ್ಜಿನ ತರಕಾರಿ ಅರೆಯಲ್ಲಿ, ಚೀಸಿನ ಡಬ್ಬಿಯೊಳಗೆ, ಇಪಿಓ ಸಿರಿಂಜು ಹನ್ನೊಂದು; ಅವುಗಳಲ್ಲಿ ಒಂದರ ಬುಡಕ್ಕೆ ಕೆಂಪು ಚುಕ್ಕಿ. ಕಪಾಟಿನಲ್ಲಿ ರಕ್ತ ತಿರುಗಿಸಿ ನೋಡುವ ಚಿಕ್ಕ ಯಂತ್ರ ಒಂದು. ಅದರ ಪಕ್ಕದಲ್ಲಿ ಗೀರುಹಾಳೆಯ ಪುಸ್ತಕ. ದುಂಡನೆಯ ಹೆಣ್ಣು ಕೈಬರಹದಲ್ಲಿ ತಾರೀಕು, ರಕ್ತದ ಅಂಕಿ, ರಾತ್ರಿಯ ನಾಡಿಬಡಿತ. ಮೊದಲ ದಾಖಲೆ 1996ರ ಫೆಬ್ರವರಿ 20.

"ಇದು ಯಾರ ಬರಹ?"

"ನಂದು."

"ನಿಮ್ಮದಲ್ಲ."

"ಎಲ್ಲಾ ನಂದೇ ಸಾರ್. ನಾನೇ ಕದ್ದೆ. ಅಕ್ಕಂಗೂ ಇದಕ್ಕೂ ಸಂಬಂಧ ಇಲ್ಲ."

"ಎಲ್ಲಿಂದ ಕದ್ದಿರಿ?"

ಕರ್ಟ್ ತಟ್ಟೆಯ ಅನ್ನವನ್ನು ಕೆದಕಿದ.

"ಇದು ಎಲ್ಲಿಂದ ಬರುತ್ತೆ ಅಂತ ಅಕ್ಕನ್ನ ಕೇಳಿದ್ರಾ?"

"ಆಸ್ಪತ್ರೇಲಿ ತಾರೀಕು ಮುಗಿಯೋಕೆ ಬಂದು ಉಳಿದದ್ದು ಅಂದ್ಲು."

"ನಂಬಿದ್ರಾ?"

"ಮತ್ತೊಮ್ಮೆ ಕೇಳ್ಲಿಲ್ಲ."

ನೋರ್ಬೆರ್ಟ್ ಅಷ್ಟರಲ್ಲಿ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದ. ಕರ್ಟ್ ಅವನನ್ನು ನೋಡಿ ತಟ್ಟೆಯನ್ನು ಕೆಳಗಿಟ್ಟ. "ಬಸ್ಸು ಕ್ಯಾನ್ಸಲ್ ಮಾಡ್ಬಿಡು ನೋರ್ಬೆರ್ಟ್. ಪಾಪ, ಜನ ಸುಮ್ನೆ ಮಳೇಲಿ ನಿಲ್ಲೋದು ಬೇಡ."

ನೋರ್ಬೆರ್ಟ್ ಹೊರಗೆ ಹೋಗಿ ಜೀಪಿನಲ್ಲಿ ಕೂತ.

ಗೋಡೆಲೀವ್ ಸಿಕ್ಕಿದ್ದು 10.45ಕ್ಕೆ, ಕಾಲುವೆ ಪಕ್ಕದ ಒಂದು ಮನೆಯಲ್ಲಿ. ಸಕ್ಕರೆ ಕಾಯಿಲೆಯ ಮುದುಕನ ಕಾಲಿನ ಹುಣ್ಣು ತೊಳೆಯುತ್ತಿದ್ದಳು. ನಲವತ್ತೈದರ ಗಟ್ಟಿಮುಟ್ಟಾದ ಹೆಂಗಸು, ತೋಳು ಮಡಚಿದ ಬಿಳಿ ಕೋಟು. ಬಾಗಿಲಲ್ಲಿ ಡೆಲ್ಮೂಟ್‌ರನ್ನು ಕಂಡು ಅವಳ ಕೈ ಒಂದು ಗಳಿಗೆ ನಿಂತಿತು.

"ಬ್ಯಾಂಡೇಜು ಮುಗಿಸ್ಲಾ? ಹೀಗೇ ಬಿಟ್ರೆ ಕೊಳೆಯುತ್ತೆ."

"ಮುಗಿಸಿ."

ಹನ್ನೆರಡು ನಿಮಿಷ ಹಿಡಿಯಿತು. ಡೆಲ್ಮೂಟ್ ಕಾದರು. ಅವಳು ಕೈ ತೊಳೆದುಕೊಂಡು, ಮುದುಕನಿಗೆ ಕಾಲು ಎತ್ತಿಡಲು ಹೇಳಿ, ತಾನೇ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು. ಬಂಧನದ ಸಮಯ 10.58 ಎಂದು ದಾಖಲಾಯಿತು.

ಮಾಂಸದಂಗಡಿಯವನು ಹೇಳಿದನೋ ಅಂಚೆಯವನು ಹೇಳಿದನೋ, ಮಧ್ಯಾಹ್ನ ಎರಡರ ಹೊತ್ತಿಗೆ ಕರ್ಟ್‌ನ ಮನೆ ಮುಂದೆ ನಾಲ್ಕು ಟಿವಿ ವ್ಯಾನುಗಳು ನಿಂತಿದ್ದವು. ಎರಡೂವರೆಗೆ ಹ್ಯೂಗೋ ತಾಂಘೆಯ ಫೋನು.

"ಎಂಟು ಪುಟ ಮೀಸಲಿಟ್ಟಿದೀವಿ. ಎಷ್ಟು ಸಿರಿಂಜು ಸಿಕ್ತು, ಅದೊಂದು ಹೇಳಿ. ಹತ್ತಾ, ಇಪ್ಪತ್ತಾ?"

"ಆ ಸಿರಿಂಜು ಯಾರದ್ದು ಅಂತ ಕೇಳಲ್ವಾ?"

"ಯಾರದ್ದು?"

"ಇರ್ಮಾ ಹೂಟಾಲ್ಸ್ ಅಂತ. ಎಪ್ಪತ್ನಾಲ್ಕು ವರ್ಷ, ನೇಯ್ಗೆ ಮಿಲ್ಲಲ್ಲಿದ್ರು. ಒಮೆರ್ ಕೋಪ್ಮನ್ ಅಂತ ಇನ್ನೊಬ್ರು, ತೀರಿಕೊಂಡಿದಾರೆ. ಅವರ ಮನೆಯವರಿಗೆ ಅಭ್ಯಂತರ ಇಲ್ಲದಿದ್ರೆ ಬರೀತೀರಾ?"

"ಜಾಗ ಇದ್ರೆ ಖಂಡಿತ" ಎಂದ ಹ್ಯೂಗೋ.

ಮರುದಿನದ ಪತ್ರಿಕೆಯಲ್ಲಿ ಜಾಗವಿರಲಿಲ್ಲ. 'ರೋಗಿಗಳ ಮದ್ದು' ಎಂಬ ಎರಡು ಪದ ಐದನೆಯ ಪುಟದ ಕೊನೆಯಲ್ಲಿದ್ದವು.

ಗೋಡೆಲೀವ್‌ಳ ಹೇಳಿಕೆ ಗುರುವಾರ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ವಕೀಲರು ಬೇಡವೆಂದಳು. ಡೆಲ್ಮೂಟ್ ಕೇಳುತ್ತ ಹೋದರು, ನೋರ್ಬೆರ್ಟ್ ಟೈಪು ಮಾಡುತ್ತ ಹೋದ.

"ಯಾವಾಗಿಂದ?"

"ಮೂರು ವರ್ಷ. ಮೊದಲು ಆಸ್ಪತ್ರೇಲಿ ಕೆಲಸಕ್ಕಿದ್ದಾಗ ಅಲ್ಲಿಂದ ತರ್ತಿದ್ದೆ. ಅಲ್ಲಿ ಲೆಕ್ಕ ಬಿಗಿ ಮಾಡಿದ್ರು. ಹೋದ ಅಕ್ಟೋಬರಿಂದ ಮನೆಗಳಿಂದ."

"ಅವನೇ ಕೇಳಿದ್ನಾ?"

"ಇಲ್ಲ. ಅವನು ಬೇರೆ ಕಡೆಯಿಂದ ತಗೋತಿದ್ದ. ಯಾರೋ ಕಾರಿನ ಡಿಕ್ಕಿಯಿಂದ ಕೊಡೋದು, ಚೀಟಿ ಇಲ್ಲ, ಏನಿಲ್ಲ. 96ರ ಫೆಬ್ರವರೀಲಿ ಅವನ ಜೊತೆ ಕೋಣೇಲಿ ಇರ್ತಿದ್ದ ತಂಡದ ಹುಡುಗ ಮಲಗಿದವನು ಬೆಳಿಗ್ಗೆ ಏಳ್ಲಿಲ್ಲ. ಇಪ್ಪತ್ತಾರು ವರ್ಷ. ಹೃದಯ ಅಂದ್ರು. ಪಕ್ಕದ ಮಂಚದಲ್ಲಿ ಇದ್ದವನು ಕರ್ಟ್."

"ಆಮೇಲೆ?"

"ಮಣ್ಣಿಗೆ ಹೋಗಿ ಬಂದ ದಿನ ಅವನ ರಕ್ತ ತೆಗೆದು ನೋಡ್ದೆ. ಐವತ್ತೆಂಟು. ಸೂಜೀಲಿ ಏರ್ತಾನೇ ಇಲ್ಲ, ಬೆಲ್ಲದ ಪಾಕದ ಹಾಗೆ. ರಕ್ತ ಅಷ್ಟು ಗಟ್ಟಿಯಾದ್ರೆ ನಿದ್ದೇಲೇ ಹೃದಯ ನಿಲ್ಲುತ್ತೆ. ಬಿಟ್ಬಿಡು ಅಂತ ಕಾಲು ಹಿಡ್ಕೊಂಡೆ. ಬಿಟ್ರೆ ಬೆಟ್ಟ ಹತ್ತೋಕಾಗಲ್ಲ ಅಕ್ಕ, ಗುಂಪಿಂದ ಉದುರಿಹೋಗ್ತೀನಿ, ಬೇರೆ ಕೆಲಸ ನನಗೇನು ಬರುತ್ತೆ ಅಂದ. ಅವನು ಬಿಡಲ್ಲ ಅಂತ ಗೊತ್ತಾಯ್ತು. ಹಾಗಾದ್ರೆ ಅಳತೆ ಮೀರದ ಹಾಗೆ ನಾನೇ ಕೊಡ್ತೀನಿ ಅಂದೆ. ಅಮ್ಮ ಸತ್ತಾಗ ಅವನಿಗೆ ಆರು ವರ್ಷ, ನನಗೆ ಇಪ್ಪತ್ತು. ನಾನೇ ಸಾಕಿದ್ದು."

"ಇರ್ಮಾ?"

ಅವಳು ಮೇಜು ನೋಡಿದಳು. "ಡಾಕ್ಟ್ರು ಡೋಸ್ ಹೆಚ್ಚು ಮಾಡ್ತಾರೆ ಅಂತ ಗೊತ್ತಿತ್ತು. ಆಗ ಅವ್ರಿಗೂ ಒಂದೊಂದು ಕೊಡ್ಬಹುದು ಅಂದ್ಕೊಂಡೆ. ನಾಕರಲ್ಲಿ ಒಂದು ಕೊಡ್ತಿದ್ದೆ."

"ಒಮೆರ್ ಕೋಪ್ಮನ್‌ಗೆ?"

ನೋರ್ಬೆರ್ಟನ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು. ಹೊರಗೆ ಯಾರೋ ಸೈಕಲ್ಲಿಗೆ ಬೀಗ ಹಾಕಿದ ಸದ್ದಾಯಿತು.

"ಅವ್ರಿಗೂ ಹಾಗೇ. ಡಿಸೆಂಬರಲ್ಲಿ ಮಾತ್ರ ಕೊಡೋಕಾಗ್ಲಿಲ್ಲ. ಕರ್ಟ್ ತರಬೇತಿ ಶಿಬಿರಕ್ಕೆ ಹೋಗೋದಿತ್ತು." ಅವಳು ಕೋಟಿನ ತೋಳು ಇಳಿಸಿಕೊಂಡಳು. "ಅವ್ರ ಮಣ್ಣಿಗೆ ಹೋಗಿದ್ದೆ. ಮಗ ನನ್ನ ಕೈ ಹಿಡಿದು ಉಪಕಾರ ಆಯ್ತು ಅಂದ."

ಮತ್ತೆ ಪ್ರಶ್ನೆಗಳಿರಲಿಲ್ಲ. ನಿಯಮದಂತೆ ನೋರ್ಬೆರ್ಟ್ ಹೇಳಿಕೆಯನ್ನು ಮೊದಲಿನಿಂದ ಓದಿ ಹೇಳಿದ. ಕೊನೆಯ ಸಾಲು ಹೀಗಿತ್ತು: 'ನನ್ನ ತಮ್ಮನು ರೇಸಿನಲ್ಲಿ ಗೆಲ್ಲಲಿ ಎಂಬ ಉದ್ದೇಶದಿಂದ ಈ ಕೃತ್ಯ ಎಸಗಿರುತ್ತೇನೆ.'

"ಅದು ತಪ್ಪು" ಎಂದಳು ಗೋಡೆಲೀವ್.

"ಯಾವುದು?"

"ಗೆಲ್ಲಲಿ ಅಂತಲ್ಲ. ಅವನು ಯಾವತ್ತು ಗೆದ್ದಿದಾನೆ? ಮಲಗಿದವನು ಬೆಳಿಗ್ಗೆ ಏಳ್ಲಿ ಅಂತ."

ಡೆಲ್ಮೂಟ್ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದರು. ಅದರ ಕೆಳಗೆ, ಅವಳು ಹೇಳಿದ ಮಾತನ್ನೇ, ಬದಲಿಸದೆ ಬರೆದರು. ಅವಳು ಓದಿ ನೋಡಿ ಸಹಿ ಮಾಡಿದಳು. ಸಮಯ ಸಂಜೆ 5.40.